ಕ್ಲಚ್ಚಿಲ್ಲದ ಗಾಡಿ

ಇದನ್ನು ಹೇಳುವುದನ್ನು ಇಷ್ಟು ಕಾಲ ಮುಂದೂಡುತ್ತಲೇ ಬಂದೆ. ಮರೆತು ಅಲ್ಲ. ಹೇಳಲು ಕೂತಾಗಲೆಲ್ಲ ಚೌಕಾಸಿಯ ಭಾಗವನ್ನಷ್ಟೇ ಹೇಳಿ, ಕೇಳುವವರನ್ನು ನಗಿಸಿ, ಎದ್ದು ಹೋಗುತ್ತಿದ್ದೆ. ಇವತ್ತು ಉಳಿದದ್ದನ್ನೂ ಬರೆಯುತ್ತೇನೆ. ಆದರೆ ಮೊದಲಿಗೇ ಒಂದು ಮಾತು: ಚೌಕಾಸಿ ಮಾಡಿದ್ದಕ್ಕೆ ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಅಂಗಡಿಯವನು ಹೇಳಿದ ಬೆಲೆಯನ್ನು ತೆಪ್ಪಗೆ ಕೊಟ್ಟು ಬರುವವರನ್ನು ಕಂಡರೆ ಇವತ್ತಿಗೂ ನನಗೆ ಕನಿಕರ.

ಹೈಸ್ಕೂಲು ಮುಗಿಸಿ ಮೀನಿನ ಲಾರಿ ಹತ್ತಿದವನು ನಾನು. ಸ್ಟೇರಿಂಗ್ ಹಿಡಿದು ಬಾಳೆಬರೆ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕವಿಲ್ಲ. ಆಮೇಲೆ ಸ್ವಂತಕ್ಕೆ ಮೀನು ಕೊಂಡು ಮಾರಿದೆ. ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಬಂಗುಡೆ ಎಷ್ಟೇ ತಾಜಾ ಇರಲಿ, ಕಿವಿರು ಎತ್ತಿ ನೋಡಿ ಮುಖ ಹುಳ್ಳಗೆ ಮಾಡಬೇಕು. ಮೂಸಬೇಕು. ನಿನ್ನೆಯದು ಅನ್ನಬೇಕು. ಕೊನೆಗೆ ಬೆನ್ನು ತಿರುಗಿಸಿ ನಡೆಯಬೇಕು. ಹಿಂದಿನಿಂದ ‘ಹ್ವಾಯ್’ ಎಂದು ಕೂಗು ಬಂದರೆ ಬೆಲೆ ಇಳಿದಂತೆ. ಮೀನಿನ ಹೆಂಗಸರು ನನ್ನ ಬೈಗುಳಕ್ಕೆ ನಗುತ್ತಿದ್ದರು, ಮರುಬೈಗುಳ ಕೊಡುತ್ತಿದ್ದರು. ಮೀನನ್ನು ಎಷ್ಟು ಹಳಿದರೂ ಅವರಿಗೆ ಬೇಸರವಿಲ್ಲ. ಅವರ ಮೈಯ ಬಗ್ಗೆ, ಮನೆಯ ಬಗ್ಗೆ ಒಂದು ಮಾತು ಜಾರಿತೋ, ಬುಟ್ಟಿ ಎತ್ತಿಕೊಂಡು ಹೊರಟೇ ಬಿಡುತ್ತಿದ್ದರು. ಈ ಗೆರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದು ಎಂದು ನಾನು ಹೇಳುವ ಹಾಗಿಲ್ಲ.

ನನಗೊಬ್ಬಳು ತಂಗಿ. ಹಂಗಾರಕಟ್ಟೆಯ ನಮ್ಮ ಮನೆಯಲ್ಲೇ ಇರುವವಳು, ಬ್ರಹ್ಮಾವರದಲ್ಲಿ ಟೈಲರ್ ಅಂಗಡಿ ಇಟ್ಟವಳು. ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಎಡಗಾಲನ್ನು ಸಣಕಲು ಮಾಡಿ ಹೋಯಿತು. ನಮ್ಮ ಕಡೆಯ ಬಸ್ಸುಗಳು ಗೊತ್ತಲ್ಲ, ನಿಂತ ಹಾಗೆ ಮಾಡಿ ಓಡುವಂಥವು. ಅವಳು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಂಡಕ್ಟರ್ ‘ಬೇಗ ಹತ್ತಿ, ಬೇಗ’ ಎನ್ನುತ್ತ ಅವಳ ರಟ್ಟೆ ಹಿಡಿದು ಮೇಲಕ್ಕೆಳೆಯುತ್ತಿದ್ದ. ಬೆಳಿಗ್ಗೆ ಒಬ್ಬ, ಸಂಜೆ ಇನ್ನೊಬ್ಬ. ಐವತ್ತು ದಾಟಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು.

“ಅಣ್ಣ, ನಾನ್ ಕಾರ್ ತಕಂತೆ. ಇನ್ ಮೇಲೆ ಯಾರೂ ನನ್ ರಟ್ಟಿ ಹಿಡ್ದ್ ಎಳುದ್ ಬ್ಯಾಡ.”

ಅದಾಗಲೇ ಕ್ಲಚ್ ಇಲ್ಲದ ಗಾಡಿಯಲ್ಲಿ ಕಲಿತು ಲೈಸೆನ್ಸ್ ತೆಗೆದಿದ್ದಳು. ನನಗೆ ಹೇಳಿರಲೇ ಇಲ್ಲ.

“ಗೇರ್ ಇಲ್ದಿದ್ದ್ ಎಂತ ಗಾಡಿ ಹೆಣ್ಣೆ?” ಎಂದೆ. “ಅದ್ ಫ್ರಿಜ್ಜಿದ್ದಂಗೆ. ಬಾಗ್ಲ್ ಹಾಕಿ ಒಳ್ಗ್ ಕೂಕಂಬುದ್, ಅಷ್ಟೇ. ಘಾಟಿಲಿ ಅದ್ ಎಂತಕ್ಕ್ ಬತ್ತ್?”

“ನಾನ್ ಘಾಟಿ ಹತ್ತುಕ್ ಹೊರ್ಟದ್ದಲ್ಲ. ಬ್ರಹ್ಮಾವರಕ್ಕ್ ಹೋಪುಕ್.”

ಆದರೂ ಬೆಲೆ ಮಾತಾಡಲು ನಾನು ಬೇಕಾಗಿತ್ತು. ಕುಂದಾಪುರದ ಶೋರೂಮಿಗೆ ಇಬ್ಬರೂ ಹೋದೆವು. ಮಾತಿಗೆ ಸಿಕ್ಕವನು ಬೈಂದೂರು ಕಡೆಯ ಒಬ್ಬ ಬೊಕ್ಕತಲೆಯ ಗೃಹಸ್ಥ. ಒಂದೇ ಮಾಡೆಲಿನ ಗಾಡಿ, ಗೇರಿನದೂ ಇದೆ, ಆಟೋಮ್ಯಾಟಿಕ್ಕೂ ಇದೆ, ಆಟೋಮ್ಯಾಟಿಕ್ಕಿಗೆ ಬೆಲೆ ಹೆಚ್ಚು ಎಂದ. ನಾನು ಹಟ ಹಿಡಿದು ತಂಗಿಯನ್ನು ಮೊದಲು ಗೇರಿನ ಗಾಡಿಯಲ್ಲಿ ಕೂರಿಸಿದೆ. ಅವಳ ಎಡಗಾಲು ಕ್ಲಚ್ಚನ್ನು ಅರ್ಧ ಒತ್ತಿ ನಡುಗಿತು. ಗಾಡಿ ಎರಡು ಸಲ ಕುಪ್ಪಳಿಸಿ ಆಫ್ ಆಯಿತು. ಹಿಂದಿನ ಸೀಟಿನಲ್ಲಿ ಕೂತು “ಒತ್ತ್, ಒತ್ತ್” ಎಂದು ಕಿರುಚಿದವನು ನಾನೇ. ಅವಳು ಇಳಿದು ಮತ್ತೊಂದು ಗಾಡಿಗೆ ಹತ್ತಿದಳು. ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ, ಸರ್ವಿಸ್ ರಸ್ತೆಯಲ್ಲಿ ತಿರುಗಿಸಿ ತಂದು ನಿಲ್ಲಿಸಿದಳು. ಒಂದು ಕುಲುಕಾಟವಿಲ್ಲ. ಸ್ಟೇರಿಂಗ್ ಹಿಡಿದ ಅವಳ ಮುಖ ಬಸ್ಸಿನಿಂದಿಳಿಯುವ ಮುಖವಾಗಿರಲಿಲ್ಲ.

ಇನ್ನು ಬೆಲೆ. ನನ್ನ ಸರದಿ. ಬಾಗಿಲು ತಟ್ಟಿ ತಗಡು ತೆಳು ಎಂದೆ. ಬಾನೆಟ್ ಎತ್ತಿಸಿ ಒಳಗೆ ಬಗ್ಗಿ, ಮೀನು ಮೂಸಿದ ಹಾಗೆ ಮೂಸಿದೆ. ಬಣ್ಣ ಬಿಸಿಲಿಗೆ ನಿಲ್ಲದು ಎಂದೆ. ಬೊಕ್ಕತಲೆಯವನು ನಗುತ್ತ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದ.

“ಅಂಕಲ್, ಇದ್ರ್ ಕೆಳ್ಗೆ ಆತಿಲ್ಲೆ. ಬೇಕಾರ್ ಮ್ಯಾಟ್ ಫ್ರೀ ಕೊಡ್ತೆ.”

“ಮ್ಯಾಟ್ ಹೊದ್ಕಂಡ್ ಮಲ್ಕಂಬುಕಾ? ಗೇರಿನ್ ಗಾಡಿ ಬೆಲಿಗೆ ಇದನ್ನ್ ಕೊಡ್.”

“ಅದ್ ಹ್ಯಾಂಗ್ ಆತ್ತ್ ಅಂಕಲ್?”

ಸುತ್ತ ನಾಲ್ಕು ಜನ ನಿಂತು ಕೇಳುತ್ತಿದ್ದರು. ಜನ ಕೇಳುತ್ತಿದ್ದರೆ ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಆಗ ಅಂದೆ.

“ಎಂತಕ್ಕ್ ಆತಿಲ್ಲೆ ಮಾರಾಯ? ಇದ್ ಕುಂಟ್ರಿಗ್ ಮಾಡದ್ ಗಾಡಿ. ಕಾಲ್ ಸಮ ಇಪ್ಪರ್ ಯಾರಾರೂ ತಕಂತ್ರಾ? ನಮ್ ಹೆಣ್ ಒಂದ್ ಕುಂಟಿ, ಅದ್ಕ್ ಬಂದದ್. ನಾವ್ ಬಿಟ್ರೆ ಈ ಗಾಡಿ ಇಲ್ಲೇ ತುಕ್ ಹಿಡಿತ್ತ್.”

ಯಾರೋ ಒಬ್ಬ ನಕ್ಕ. ನಾನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದೆ. ಹಿಂದಿನಿಂದ “ಹ್ವಾಯ್ ಅಂಕಲ್, ಬನ್ನಿ” ಎಂದು ಕೂಗು ಬಂತು. ಬೊಕ್ಕತಲೆಯವನು ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. ಗೇರಿನ ಗಾಡಿಯ ಬೆಲೆಗೇ ಕೊಡುತ್ತೇವೆ ಎಂದ. ಗೆದ್ದ ಖುಷಿಯಲ್ಲಿ ತಂಗಿಯ ಕಡೆ ನೋಡಿದೆ. ಅವಳು ಬೊಕ್ಕತಲೆಯವನ ಎದುರಿನ ಕುರ್ಚಿಯಲ್ಲಿ ಕೂತು ಪರ್ಸ್ ಮೇಜಿನ ಮೇಲಿಟ್ಟಳು.

“ಮೊದ್ಲ್ ಹೇಳಿದ್ ಬೆಲಿ ಎಷ್ಟಿತ್ತೋ, ಅಷ್ಟೇ ಬಿಲ್ಲಲ್ ಬರಿನಿ.”

“ಅಕ್ಕ, ಕಡ್ಮಿ ಆಯ್ತಲೆ!”

“ನನ್ ಕಾಲಿನ್ ಹೆಸ್ರಲ್ ಕಡ್ಮಿ ಆದ್ ದುಡ್ಡ್ ನಂಗ್ ಬ್ಯಾಡ. ಮ್ಯಾಟಿಗೂ ಬಿಲ್ ಹಾಕಿನಿ.”

“ಮರ್ಲ್ ಹಿಡ್ದಿತ್ತಾ ನಿಂಗೆ?” ಎಂದೆ ನಾನು. ಅವಳು ಬಿಲ್ ಪುಸ್ತಕವನ್ನು ಅವನತ್ತ ಸರಿಸಿದಳು. ಬೊಕ್ಕತಲೆಯವನು ಬರೆದ. ಈ ಸಲ ಯಾರೂ ನಗಲಿಲ್ಲ.

ಗಾಡಿ ಮನೆಗೆ ಬಂತು. ನಾನು ಹತ್ತಲಿಲ್ಲ. ಸಿಕ್ಕಿದವರಿಗೆಲ್ಲ ತಂಗಿಯ ದಡ್ಡತನದ ಕಥೆ ಹೇಳಿದೆ. ಕಥೆಯಲ್ಲಿ ಮೂಸಿದ್ದು ಇರುತ್ತಿತ್ತು, ಮ್ಯಾಟ್ ಇರುತ್ತಿತ್ತು, ಬೆನ್ನು ತಿರುಗಿಸಿದ್ದು ಇರುತ್ತಿತ್ತು. ಆ ಒಂದು ಮಾತು ಮಾತ್ರ ಇರುತ್ತಿರಲಿಲ್ಲ. ಅವಳು ದಿನಾ ಬೆಳಿಗ್ಗೆ ಅಂಗಳದಿಂದ ಗಾಡಿ ತೆಗೆದು ಬ್ರಹ್ಮಾವರಕ್ಕೆ ಹೋಗುತ್ತಿದ್ದಳು. ಅತ್ತ ಹೋಗುವ ಅಕ್ಕಪಕ್ಕದ ಹೆಂಗಸರನ್ನೂ ಹತ್ತಿಸಿಕೊಳ್ಳುತ್ತಿದ್ದಳು. ನನಗೆ ಕೈ ಬೀಸಿಯೂ ಹೋಗುತ್ತಿದ್ದಳು. ಅವಳ ಆ ಕೈಬೀಸು ನನಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ನೆಂಟರ ಮನೆಯ ಪೂಜೆಗೆ ಕುಂಭಾಶಿಗೆ ಹೋಗಿದ್ದೆ. ವಾಪಸು ಬರಲು ಬಸ್ಸಿಗೆ ಕಾಲಿಟ್ಟೆ. ನನ್ನ ಮಂಡಿ ಈಗ ಹೇಳಿದ ಹಾಗೆ ಕೇಳುವುದಿಲ್ಲ. ಕಂಡಕ್ಟರ್ “ಅಜ್ಜ, ಬೇಗ” ಎಂದು ರಟ್ಟೆ ಹಿಡಿದು ಎಳೆದ. ತೋಳು ನೋಯಲಿಲ್ಲ. ಒಳಗಿದ್ದವರೆಲ್ಲ ನನ್ನನ್ನೇ ನೋಡಿದರು, ಅದು ನೋಯಿತು. ಕೈ ಕಿತ್ತುಕೊಂಡು ಕೆಳಗಿಳಿದು ನಿಂತೆ. “ನಾನ್ ಬತ್ತಿಲ್ಲೆ, ಹೋಯ್ಕಣಿ” ಎಂದು ಕೂಗಿದೆ. ಬಸ್ಸು ಹೋಯಿತು. ಬಿಸಿಲಲ್ಲಿ ನಿಂತೇ ಇದ್ದೆ. ಕೊನೆಗೆ ಸೋತು ತಂಗಿಗೆ ಫೋನ್ ಮಾಡಿದೆ. ಅಂಗಡಿಗೆ ಬೀಗ ಹಾಕಿ ಬಂದಳು. ಒಳಗಿನಿಂದಲೇ ಬಾಗಿಲು ನೂಕಿದಳು.

“ಹತ್ತ್ ಅಣ್ಣ. ನಿಧಾನ. ನಂಗೆಂತ ಅರ್ಜೆಂಟಿಲ್ಲೆ.”

ಗಾಡಿ ಓಡುತ್ತಿದ್ದಂತೆ ನನ್ನ ಎಡಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಅವಳು ಓರೆಗಣ್ಣಲ್ಲಿ ನೋಡಿ ನಕ್ಕಳು.

“ಅಲ್ಲ್ ಎಂತ ಇಲ್ಲೆ. ಎಂತ ತುಳಿತೆ?”

ಅವತ್ತಿನಿಂದ ಅವಳ ಗಾಡಿಯಲ್ಲೇ ಓಡಾಡುತ್ತಿದ್ದೇನೆ. ಗೇರಿಲ್ಲದ್ದು ಗಾಡಿಯೇ ಅಲ್ಲ ಎಂದು ಕಟ್ಟೆಯಲ್ಲಿ ಯಾರಾದರೂ ಅಂದರೆ ಜಗಳಕ್ಕೆ ನಿಲ್ಲುವವನೂ ನಾನೇ. ಘಾಟಿ ಹತ್ತಿದ ಕಾಲು ನನ್ನದು, ಮಾತಾಡುವ ಹಕ್ಕೂ ನನ್ನದು. ಒಮ್ಮೆ ಸರ್ವಿಸಿಗೆಂದು ಹೋದಾಗ ಆ ಬೊಕ್ಕತಲೆಯವನು ಸಿಕ್ಕಿದ. ಹತ್ತಿರ ಹೋಗಿ, ಅವತ್ತು ನಿನ್ನ ಅಂಗಡಿಯಲ್ಲಿ ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಅವನು ಗಾಜಿನಾಚೆ ನೋಡಿದ.

“ನಂಗೆಂತಕ್ಕ್ ಹೇಳ್ತ್ರಿ ಅಂಕಲ್? ಅದನ್ನ್ ಕೇಳ್ಕಾದ್ ಅಕ್ಕ ಹೊರ್ಗ್ ಗಾಡಿಲ್ ಕೂತಿರ್.”

ಹೊರಗೆ ಬಂದೆ. ಹೇಳಿಯೇ ಬಿಡುವುದೆಂದು ಬಾಗಿಲು ತೆಗೆದೆ, ಕೂತೆ, ಬೆಲ್ಟ್ ಹಾಕಿದೆ. ಬಾಯಿಗೆ ಬಂದದ್ದು “ಎಸಿ ಕಡ್ಮಿ ಮಾಡ್ ಹೆಣ್ಣೆ, ಚಳಿ ಆತ್ತ್” ಎಂಬುದು. ಅವಳು ಕಡಿಮೆ ಮಾಡಿದಳು. ಲೋಕದವರ ಜೊತೆ ಬೆಲೆಗೆ ಬಡಿದಾಡಿದ ಬಾಯಿ ಇದು, ಯಾರಿಗೂ ಬಗ್ಗದ್ದು. ಅಂಗಡಿಯವನಿಗೂ ತಪ್ಪಾಯಿತು ಎಂದಿದೆ. ಇನ್ನೂ ಅನ್ನದೆ ಉಳಿದಿರುವುದು ಒಬ್ಬಳಿಗೆ ಮಾತ್ರ, ಇವತ್ತೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಬಿಟ್ಟ ನನ್ನ ತಂಗಿಗೆ.