ಗಾಳಿ ಬಿಡಿಸಿದ್ದಕ್ಕೊಂದು ಖಣ

ಇಳಕಲ್ಲಿನ ಅಂದಾನಪ್ಪನವರ ಮನೆಯಿಂದ ಜೋಹರಾಗೆ ನಾನೂರೈವತ್ತು ರೂಪಾಯಿ ಕೂಲಿ ಇನ್ನೂ ಬರಬೇಕು. ಬಂದದ್ದು ಒಂದು ಖಣ. ಹಸಿರು ಮೈ, ಕೆಂಪು ಅಂಚು, ಗುಳೇದಗುಡ್ಡದ ಅಸಲಿ ನೇಯ್ಗೆ. ಕುಬಸ ಹೊಲಿಸಿದರೆ ಹತ್ತು ವರ್ಷ ಬಾಳುವ ಮಾಲು, ಅದಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಅದನ್ನೇ ಒಯ್ದು ಕಿರಾಣಿ ಅಂಗಡಿಯವನ ಮುಂದಿಟ್ಟರೆ ಕಾಲು ಕಿಲೋ ಎಣ್ಣೆಯೂ ಹುಟ್ಟುವುದಿಲ್ಲ.

ಜೋಹರಾ ಹುನಗುಂದದವಳು. ಮಾಡುವುದು ಪೈಪಿನ ಕೆಲಸ. ಮಾಳಿಗೆಯ ಮೇಲೆ ಬಿಸಿಲಿಗೆ ನೀರು ಕಾಯಿಸುವ ಸೋಲಾರ್ ಇರುತ್ತದಲ್ಲ, ಅದರ ನೀರು ಕೆಳಗಿಳಿಯದೆ ಹಟ ಹಿಡಿದರೆ ಅವಳಿಗೆ ಫೋನು ಹೋಗುತ್ತದೆ. ಮೊದಲು ಈ ಕೆಲಸ ಗಂಡ ಚಮನಸಾಬನದು. ಇವಳು ಮನೆಯಲ್ಲಿ ಕೂತು ಸೀರೆಯ ಮಗ್ಗಗಳ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅಮೀನಗಡದ ಒಂದು ಮಾಳಿಗೆಯಿಂದ ಚಮನಸಾಬ ಜಾರಿ ಬಿದ್ದ. ಟೊಂಕ ಮುರಿಯಿತು. ಮನೆಯ ಮಾಲೀಕರು ಒಮ್ಮೆ ದವಾಖಾನೆಗೆ ಬಂದು ಎರಡು ಡಬ್ಬಿ ಕರದಂಟು ಇಟ್ಟು ಹೋದರು. ಕರದಂಟಿನಿಂದ ಟೊಂಕ ಕೂಡುವುದಿಲ್ಲ.

ಅವನು ಹೊರಸಿನ ಮೇಲೆ ಮಲಗಿದ್ದಾಗಲೂ ಜನ ಫೋನು ಮಾಡುತ್ತಲೇ ಇದ್ದರು, ನೀರು ಬರವಲ್ಲದು, ನೀರು ಬರವಲ್ಲದು ಅಂತ. ಹಾಗಾಗಿ ಜೋಹರಾ ಪೈಪು ಬಿಗಿಯುವ ಪಾನಾ ಹಿಡಿದು ಏಣಿ ಹತ್ತಿದಳು. ಮೊದಲ ಆರು ತಿಂಗಳು ಒಂದು ಕಿವಿಗೆ ಫೋನು, ಆ ಕಡೆಯಿಂದ ಚಮನಸಾಬ ಹೇಳುವುದು, ಈ ಕಡೆ ಇವಳು ಮಾಡುವುದು. ಆಮೇಲೆ ಫೋನು ಬೇಕಾಗಲಿಲ್ಲ.

ಇದರಲ್ಲಿ ದೊಡ್ಡ ವಿದ್ಯೆಯೇನಿಲ್ಲ ಎನ್ನುವವರು ಒಮ್ಮೆ ಮಾಡಿ ನೋಡಬೇಕು. ಸೋಲಾರಿನ ನೀರನ್ನು ಯಾರೂ ದಬ್ಬುವುದಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪೈಪು ಎಲ್ಲಾದರೂ ಏರಿ ಇಳಿದಿದ್ದರೆ ಆ ಏರಿನ ನೆತ್ತಿಯಲ್ಲಿ ಗಾಳಿ ಹೋಗಿ ಕೂರುತ್ತದೆ, ರಸ್ತೆಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ. ಹಿಂದಿನ ನೀರು ಹಿಂದೆ, ಮುಂದಿನದು ಮುಂದೆ. ಎಮ್ಮೆ ಎಲ್ಲಿ ಮಲಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಜೋಹರಾ ಪಾನಾದಿಂದ ಪೈಪನ್ನು ಮೆಲ್ಲಗೆ ಬಡಿಯುತ್ತಾ ಹೋಗುತ್ತಾಳೆ. ನೀರಿರುವ ಕಡೆ ಸಪ್ಪಳ ದಪ್ಪ. ಗಾಳಿಯಿರುವ ಕಡೆ ಟಣ್ ಅನ್ನುತ್ತದೆ. ಪೈಪೂ ಮನುಷ್ಯರ ಹಾಗೇ, ಗಾಳಿ ತುಂಬಿದಲ್ಲಿ ಸದ್ದು ಹೆಚ್ಚು.

ಕೆಲಸ ಕಲಿತಳು. ಕೂಲಿ ಕೇಳುವುದು ಮಾತ್ರ ಕಲಿಯಲಾಗಲಿಲ್ಲ, ಯಾಕೆಂದರೆ ಕೇಳುವ ಜಾಗವನ್ನೇ ಜನ ಮುಚ್ಚಿಬಿಡುತ್ತಿದ್ದರು. ಗಂಡಸು ಏಣಿ ಇಳಿದರೆ "ಎಷ್ಟಾತಪಾ?" ಎಂದು ಕೇಳುತ್ತಾರೆ. ಹೆಣ್ಣು ಇಳಿದರೆ "ಚಾ ಕುಡೀ ತಂಗಿ" ಎನ್ನುತ್ತಾರೆ. ಚಾದ ಹಿಂದೆಯೇ ಒಳಗಿನಿಂದ ತಟ್ಟೆ ಬರುತ್ತದೆ. ತಟ್ಟೆಯಲ್ಲೊಂದು ಖಣ, ಒಂದು ತೆಂಗಿನಕಾಯಿ. ಹೆಣ್ಣುಮಗಳು ಮನೆಗೆ ಬಂದಿದ್ದಾಳೆ, ಬರಿಗೈಲಿ ಕಳಿಸಬಾರದು. ಉಡಿ ತುಂಬುವ ಕೈಯ ಮುಂದೆ ಸಾಬರವಳಾದರೂ ಒಂದೇ, ಶೆಟ್ಟರವಳಾದರೂ ಒಂದೇ, ಸೆರಗು ಒಡ್ಡಬೇಕು. ಒಡ್ಡಿದ ಮೇಲೆ ರೊಕ್ಕದ ಮಾತು ಬಾಯಿಗೆ ಬರುವುದಿಲ್ಲ. ಬಾದಾಮಿಯ ಲಾಡ್ಜುಗಳಲ್ಲಿ ಈ ತೊಂದರೆಯಿರಲಿಲ್ಲ. ಅಲ್ಲಿ ಮ್ಯಾನೇಜರನಿಗೆ ಉಡಿಯೂ ಗೊತ್ತಿಲ್ಲ, ಖಣವೂ ಗೊತ್ತಿಲ್ಲ. ಸಹಿ ಹಾಕಿಸಿಕೊಂಡು ಕೂಲಿ ಎಣಿಸಿ ಕೊಟ್ಟು ಕಳಿಸುತ್ತಿದ್ದ. ಮರ್ಯಾದೆಯಿದ್ದ ಮನೆಗಳಲ್ಲೇ ಅವಳಿಗೆ ಲುಕ್ಸಾನು.

ಹಾಗೆ ಬಂದ ಖಣ ಟ್ರಂಕಿನಲ್ಲಿ ಮೂವತ್ತಾದವು. ಒಂದು ದಿನ ಚಮನಸಾಬ ಮುಚ್ಚಳ ತೆಗೆದು ನೋಡಿ ನಕ್ಕ.

"ಇಬ್ರೂ ಕೂಡಿ ಖಣದ ಅಂಗಡೀನ ಇಡೂಣು ಬಿಡು."

"ನಗಬ್ಯಾಡ್ರಿ," ಅಂದಳು ಜೋಹರಾ. "ಸಂಕ್ರಾಂತಿ ಮಟಾ ನೋಡ್ತೇನಿ. ಅಷ್ಟರಾಗ ಮನಿ ಕೆಲಸಕ್ಕ ರೊಕ್ಕದ ಕೂಲಿ ಬರಲಿಲ್ಲಂದ್ರ ಪಾನಾ ಮಾರಿ ಹೊಳ್ಳಿ ಕಂಡಿಕಿ ಸುತ್ತಾಕ ಕುಂದರ್ತೇನಿ. ಕಂಡಿಕಿಗೆ ಕಡಿಮಿ ಕೊಟ್ರೂ ರೊಕ್ಕಾನ ಕೊಡ್ತಾರ."

ಚಮನಸಾಬ ನಗು ನಿಲ್ಲಿಸಿದ. ಅವಳಿಗೆ ಕಂಡಿಕೆ ಬೇಕಿರಲಿಲ್ಲ ಎಂಬುದು ಅವನಿಗೆ ಗೊತ್ತು. ಇಪ್ಪತ್ತು ವರ್ಷ ಸುತ್ತಿದರೂ ಅವಳ ಹೆಸರು ಒಬ್ಬ ನೇಕಾರನಿಗೂ ತಿಳಿದಿರಲಿಲ್ಲ. ಈಗ ಹುನಗುಂದದಿಂದ ಇಳಕಲ್ಲಿನ ತನಕ ಸೋಲಾರ್ ಕೆಟ್ಟರೆ ಜೋಹರಾನ್ನ ಕರೀರಿ ಎನ್ನುತ್ತಾರೆ. ಚಳಿ ಬಿದ್ದಿತ್ತು, ಅವಳ ಕೆಲಸದ ಸುಗ್ಗಿಯೇ ಅದು. ಸಂಕ್ರಾಂತಿಗೆ ಎಂಟು ದಿನವಿತ್ತು.

ಆಗ ಬಂದದ್ದು ಇಳಕಲ್ಲಿನ ಸಾವಿತ್ರೆವ್ವನ ಫೋನು. ಅವಳ ಯಜಮಾನರು ಅಂದಾನಪ್ಪ, ಸೀರೆಯ ಅಂಗಡಿಯವರು, ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ. ಮಗಳು ಭುವನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹದಿನೈದು ದಿನದ ಬಾಣಂತಿ. ಬಾಣಂತಿಗೆ ಎರೆಯಲು ದಿನಕ್ಕೆ ಎಂಟು ಹತ್ತು ಬಕೆಟ್ ಸುಡುನೀರು ಬೇಕು. ಬಚ್ಚಲಿನ ಬಿಸಿನೀರಿನ ನಳ ತಿರುವಿದರೆ ಫುಸ್ ಅಂತ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಐದು ದಿನದಿಂದ ಸಾವಿತ್ರೆವ್ವ ಗ್ಯಾಸಿನ ಮೇಲೆ ನೀರು ಕಾಯಿಸಿ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದಳು. ಒಬ್ಬ ಮೇಸ್ತ್ರಿ ಬಂದು ನೋಡಿ, ಟ್ಯಾಂಕೇ ಹೋಗಿದೆ, ಹೊಸದಕ್ಕೆ ಇಪ್ಪತ್ತೆರಡು ಸಾವಿರ ಅಂದು ಹೋಗಿದ್ದ.

ಜೋಹರಾ ಮಾಳಿಗೆ ಹತ್ತಿ ಪೈಪು ಬಡಿದಳು. ಗೋಡೆ ದಾಟುವ ಏರಿನಲ್ಲಿ ಟಣ್ ಅಂದಿತು. ಬಗ್ಗಿ ಕೂಗಿದಳು:

"ಗಾಳಿ ಹಿಡದೈತ್ರೀ ಅವ್ವಾರ!"

ಕೆಳಗೆ ಪಾತ್ರೆ ಬಿದ್ದ ಸದ್ದು. ಸಾವಿತ್ರೆವ್ವ ಅಂಗಳಕ್ಕೆ ಓಡಿ ಬಂದಳು. "ಅಯ್ಯ ನನ ಶಿವನ! ಯಾರಿಗಿ? ಬಾಣಂತಿಗೋ, ಕೂಸಿಗೋ?"

"ಪೈಪಿಗ್ರೀ!"

ಒಳಗಿನ ಖೋಲಿಯಿಂದ ಭುವನೇಶ್ವರಿ ಹೊಲಿಗೆ ನೋಯುವಷ್ಟು ನಕ್ಕಳು. ಸಾವಿತ್ರೆವ್ವ ನಗಲಿಲ್ಲ. ಬಾಣಂತಿ ಮನೆಯಲ್ಲಿ ಆ ಮಾತು ಬಾಯಿಗೆ ಬಂತಲ್ಲ ಎಂದು ಉಪ್ಪು ಮೆಣಸಿನಕಾಯಿ ತಂದು ಮಗಳಿಗೆ, ಕೂಸಿಗೆ ನಿವಾಳಿಸಿದಳು. ಯಾವುದಕ್ಕೂ ಇರಲಿ ಎಂದು ನಳಕ್ಕೂ ಒಂದು ಸುತ್ತು ಇಳಿಸಿದಳು.

ಪೈಪಿನ ಏರಿನಲ್ಲಿ ಗಾಳಿ ಹೊರಹೋಗಲೆಂದೇ ಒಂದು ಕೊಳವೆ ಮೇಲ್ಮುಖವಾಗಿ ನಿಂತಿರುತ್ತದೆ. ಇಲ್ಲಿ ಅದರ ಬಾಯಿಗೆ ಇಳಕಲ್ ಸೀರೆಯ ಸೆರಗಿನ ತುಂಡನ್ನು ಗಿಡಿದು ತುರುಕಲಾಗಿತ್ತು. ಬೆನ್ನ ಹಿಂದೆಯೇ ಮೇಲೆ ಬಂದಿದ್ದ ಅಂದಾನಪ್ಪ ಹೆಮ್ಮೆಯಿಂದ ಹೇಳಿದರು:

"ಅದನ್ನ ನಾನ ತುರಕೇನಿ. ತಣ್ಣೀರಿನ ಟ್ಯಾಂಕಿನ ಬುಡಕ ಬ್ಲಾಕ್ ಇಟ್ಟು ಎತ್ತರ ಮಾಡಸಿದೆ. ಅವತ್ತಿನಿಂದ ಟ್ಯಾಂಕು ತುಂಬಿದಾಗೊಮ್ಮೆ ಇದರ ಬಾಯಿಲೆ ನೀರು ಸುರೀತಿತ್ತು."

"ಇದು ನೀರಿನ ಬಾಯಿ ಅಲ್ರಿ ಯಜಮಾನ್ರ, ಗಾಳೀದು. ಟ್ಯಾಂಕು ಎತ್ತರ ಮಾಡಿದ್ರ ಇದನ್ನೂ ಎತ್ತರ ಮಾಡಬೇಕು. ಮೂರು ಫೂಟ ಪೈಪು ಕೂಡಿಸಿದ್ರ ಮುಗೀತು."

"ಮುಂದಿನ ತಿಂಗಳ ನೋಡೂಣು."

ಅರಿವೆ ಕಿತ್ತಳು. ಸುಯ್ ಅಂತ ಗಾಳಿ ಹೋಯಿತು, ಆದರೆ ಪೂರಾ ಅಲ್ಲ. ಕೆಳಗಿಳಿದು ಬೋರಿನ ಮೋಟಾರಿನಿಂದ ಒಂದು ರಬ್ಬರ್ ಪೈಪು ಎಳೆದು ತಂದು ಬಚ್ಚಲಿನ ಬಿಸಿನೀರಿನ ನಳದ ಬಾಯಿಗೆ ಸಿಗಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಳು. ಮೋಟಾರು ಚಾಲೂ. ತಣ್ಣೀರು ಕೆಳಗಿನಿಂದ ಹಿಮ್ಮುಖವಾಗಿ ಏರಿ, ಕೂತ ಗಾಳಿಯನ್ನು ಮೇಲಕ್ಕೆ ದಬ್ಬಿತು. ಮಾಳಿಗೆಯ ಮೇಲೆ ಕೊಳವೆ ಎರಡು ಸಲ ತೇಗಿತು, ಉಂಡು ಎದ್ದ ಗೌಡನ ಹಾಗೆ. ಮೋಟಾರು ನಿಲ್ಲಿಸಿ ನಳ ತಿರುವಿದರೆ ಮೊದಲು ತಣ್ಣೀರು, ಆಮೇಲೆ ಬೆಚ್ಚಗೆ, ಆಮೇಲೆ ಕೈ ಇಡಲಾಗದ ಬಿಸಿ. ಬಚ್ಚಲೆಲ್ಲ ಹಬೆ.

"ಏನೇನ ಸಾಮಾನ ಹಾಕಿದಿ?" ಅಂದಾನಪ್ಪ ಕೇಳಿದರು.

"ಏನೂ ಇಲ್ರಿ."

"ಹಂಗಾದ್ರ ಖರ್ಚ ಇಲ್ಲ ಬಿಡು. ಒಂದು ಅರಬಿ ತಗದಿ, ಗಾಳಿ ಬಿಟ್ಟಿ. ಗಾಳಿಗೇನ ರೊಕ್ಕ?" ಎಂದು ನಕ್ಕರು.

ಜೋಹರಾ ಬಾಯಿ ತೆರೆಯುವಷ್ಟರಲ್ಲಿ ಸಾವಿತ್ರೆವ್ವನ ತಟ್ಟೆ ಬಂದಿತ್ತು. ಹಸಿರು ಮೈ, ಕೆಂಪು ಅಂಚು. "ನಮ್ಮ ಭುವನಿ ಇದ್ದಂಗ ನೀನು. ಒಲ್ಲೆ ಅನಬ್ಯಾಡ." ಸಾವಿತ್ರೆವ್ವನ ಕಣ್ಣಲ್ಲಿ ಖರೇನೇ ನೀರಿತ್ತು. ಅದೇ ಕಷ್ಟದ್ದು. ಮೋಸ ಮಾಡುವವರ ಮುಂದೆ ಜಗಳ ತೆಗೆಯಬಹುದು. ಜೋಹರಾ ಸೆರಗು ಒಡ್ಡಿದಳು.

ಮನೆಗೆ ಬಂದು ಮೂವತ್ತೊಂದನೆಯದನ್ನು ಟ್ರಂಕಿಗೆ ಹಾಕಿ, ಪಾನಾವನ್ನು ಒರೆಸಿ ಹೊರಸಿನ ಮೇಲಿಟ್ಟಳು.

"ಇದಕ್ಕ ಎಷ್ಟು ಬಂದೀತ್ರಿ?"

ಚಮನಸಾಬ ಅದನ್ನು ಮುಟ್ಟಲಿಲ್ಲ. "ಎಷ್ಟು ಅನ್ನೂ ಮಾತು ಅವರ ಮುಂದ ಆಡೂದು ಬಿಟ್ಟು ನನ್ನ ಮುಂದ ಆಡತಿಯಲ್ಲ. ನಾ ಏನು ಕೊಡಲಿ, ಖಣಾ?"

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ರೊಟ್ಟಿ ಬಡಿದಳು. ಆದರೆ ಗಂಡನ ಮಾತು ಹೊಟ್ಟೆಯಲ್ಲಿ ಉಳಿಯಿತು.

ಸಂಕ್ರಾಂತಿಗೆ ಒಂದು ದಿನವಿರುವಾಗ ಬೆಳಿಗ್ಗೆ ಸಾವಿತ್ರೆವ್ವನ ಫೋನು ಮತ್ತೆ ಬಂತು. ನೀರು ಪುನಃ ನಿಂತಿದೆ. ಬಾಣಂತಿಗೆ ಎಣ್ಣೆ ಹಚ್ಚಿ ಕೂರಿಸಿಯಾಗಿದೆ, ಲಗೂನ ಬಾ. ಆಗಿದ್ದು ಇಷ್ಟೇ: ಟ್ಯಾಂಕು ತುಂಬಿದಾಗ ಕೊಳವೆಯ ಬಾಯಿಂದ ನೀರು ಸುರಿದಿತ್ತು, ಅಂದಾನಪ್ಪ ಇನ್ನೊಂದು ಸೆರಗು ಹರಿದು ತುರುಕಿದ್ದರು. ಜೋಹರಾ ದಾರಿಯಲ್ಲಿ ಅಂಗಡಿಗೆ ಹೋಗಿ ಮೂರು ಅಡಿ ಪೈಪು, ಒಂದು ಸಾಕೆಟ್ ಕೊಂಡಳು. ಪಾನಾದ ಚೀಲದಲ್ಲಿ ಇನ್ನೊಂದು ವಸ್ತುವೂ ಇತ್ತು.

ಏಣಿ ನಿಲ್ಲಿಸಿದಳು. ಹತ್ತುವ ಮೊದಲು ತಿರುಗಿ ನಿಂತಳು.

"ಯಜಮಾನ್ರ, ಇವತ್ತಿನ ಕೂಲಿ ನಾನೂರೈವತ್ತು. ಪೈಪು ಸಾಕೆಟ್ ಎರಡನೂರಾಹತ್ತು. ಮೊನ್ನಿನ ಕೂಲಿ ನಾನೂರೈವತ್ತು ನಿಂತೈತಿ. ಒಟ್ಟ ಸಾವಿರದ ಒಂದನೂರಾಹತ್ತು."

ಹೇಳಿ, ಉತ್ತರಕ್ಕೆ ಕಾಯದೆ ಹತ್ತಿದಳು. ಎಣ್ಣೆ ಮೈಯಲ್ಲಿ ಕೂತ ಬಾಣಂತಿಯನ್ನು ನಡುಗಿಸಿ ಕೂಲಿ ವಸೂಲಿ ಮಾಡುವುದು ಅವಳ ಲೆಕ್ಕದಲ್ಲಿರಲಿಲ್ಲ. ಆದರೆ ಮಾತು ಅಂಗಳದಲ್ಲಿ ಬಿದ್ದಾಗಿತ್ತು, ಇನ್ನು ಅದನ್ನು ಯಾರೂ ತಟ್ಟೆಯಲ್ಲಿಟ್ಟು ಮುಚ್ಚುವಂತಿರಲಿಲ್ಲ.

ಅಂದಾನಪ್ಪ ಕೆಳಗಿನಿಂದಲೇ ಶುರು ಮಾಡಿದರು. "ಅಲ್ಲವ್ವಾ, ಕಾಯಕಕ್ಕ ಬೆಲಿ ಕಟ್ಟಬಾರದು ಅಂತಾರ ಹಿರ್ಯಾರು."

"ಕಟ್ಟಬ್ಯಾಡ್ರಿ," ಮೇಲಿನಿಂದ ಉತ್ತರ ಬಂತು. "ಕೊಡ್ರಿ, ಸಾಕು."

"ಬರಾಕ ಹೋಗಾಕ ಬಸ್ಸ ಬ್ಯಾರೆ ಫ್ರೀ ಐತಿ ನಿಮಗ."

"ಬಸ್ಸ ಫ್ರೀ ಐತ್ರಿ. ನಾ ಫ್ರೀ ಇಲ್ಲ."

ಆ ಕಡೆ ಮಾಳಿಗೆಯವರು ಯಾರೋ ನಕ್ಕರು. ಜೋಹರಾ ಅರಿವೆ ಕಿತ್ತು, ಮೂರು ಅಡಿ ಪೈಪು ಕೂಡಿಸಿ ಬಿಗಿದಳು. ಕೆಳಗಿಳಿದು ಮೋಟಾರಿನ ನೀರು ದಬ್ಬಿದಳು. ಕೊಳವೆ ತೇಗಿತು. ಬಚ್ಚಲಲ್ಲಿ ನೀರು ಸುರಿಯತೊಡಗಿತು, ಎರೆಯುವ ಮುದುಕಿ ತಂಬಿಗೆ ಎತ್ತಿದಳು.

ಜೋಹರಾ ಅಂಗಳಕ್ಕೆ ಬಂದರೆ ಸಾವಿತ್ರೆವ್ವ ಮತ್ತೆ ತಟ್ಟೆ ಹಿಡಿದು ನಿಂತಿದ್ದಳು. ಈ ಸಲ ಹಳದಿ ಖಣ.

"ಅವ್ವಾರ, ಉಡಿಗೆ ಒಲ್ಲೆ ಅನ್ನೂದಿಲ್ಲ. ಆದ್ರ ಖಣದ ಮ್ಯಾಲೆ ಕೂಲಿ ಇಡ್ರಿ. ಇಡಾಕ ಆಗಂಗಿಲ್ಲಂದ್ರ ಇದನ್ನೂ ಹೊಳ್ಳಿ ತಗೋರಿ." ಚೀಲದಿಂದ ಮೊನ್ನೆಯ ಹಸಿರು ಖಣ ತೆಗೆದು ಮುಂದೆ ಹಿಡಿದಳು.

ಸಾವಿತ್ರೆವ್ವ ಹಾವು ಕಂಡಂತೆ ಎರಡು ಹೆಜ್ಜೆ ಹಿಂದೆ ಸರಿದಳು. "ಉಡಿ ಹೊಳ್ಳಿ ಕೊಡತಾರೇನ ತಂಗಿ! ಬಾಣಂತಿ ಮನಿ ಇದು!" ಅವಳೇನೂ ಕೆಟ್ಟವಳಲ್ಲ. ಕೊಟ್ಟದ್ದು ಕೂಲಿಯ ಬದಲಿಗೆ ಹೋಗಿತ್ತು ಎಂಬುದು ಅವಳಿಗೆ ಈವತ್ತೇ ಹೊಳೆದದ್ದು.

ಆಗ ಬಚ್ಚಲಿನ ಬಾಗಿಲ ಆಚೆಯಿಂದ, ಹಬೆಯೊಳಗಿಂದ ಭುವನೇಶ್ವರಿಯ ದನಿ ಬಂತು. "ಅಪ್ಪಾ! ಇಪ್ಪತ್ತೆರಡು ಸಾವಿರ ಕೇಳಿದವನ ಮುಂದ ಕಾಯಕದ ಮಾತು ತಗೀಲಿಲ್ಲ ನೀ! ರೊಕ್ಕಾ ಕೊಡು ಆಕಿಗೆ!"

ಅಂದಾನಪ್ಪ ಒಳಗೆ ಹೋಗಿ ಬಂದು ಎಣಿಸಿ ಕೊಟ್ಟರು. ಆರುನೂರಾ ಅರವತ್ತು.

"ಮೊನ್ನಿಂದು?"

"ಮೊನ್ನಿ ಖಣಾ ಕೊಟ್ಟೇವಲ್ಲವ್ವ. ಅಲ್ಲಿಗೆ ಹರೀತು."

"ಹರದಿಲ್ರಿ. ನಿಂತೈತಿ," ಅಂದಳು ಜೋಹರಾ. ಜಗಳವಾಡುವ ದನಿಯಲ್ಲಿ ಅಲ್ಲ, ಪೈಪಿನಲ್ಲಿ ಗಾಳಿ ಇದೆ ಎಂದು ಹೇಳುವ ದನಿಯಲ್ಲೇ. ಹಸಿರು ಖಣ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಪಾನಾ ಮಾರಲಿಲ್ಲ. ಸಂಕ್ರಾಂತಿಯ ದಿನ ಚಮನಸಾಬ ಹೊರಸಿನ ಮೇಲೆ ಕೂತು ಅದಕ್ಕೆ ಎಣ್ಣೆ ಹಚ್ಚಿ ಕೊಟ್ಟ, ಅಷ್ಟೇ. ಈಗ ಜೋಹರಾ ಎಲ್ಲಿಗೆ ಹೋದರೂ ಏಣಿಯ ಬುಡದಲ್ಲಿ ನಿಂತು ಕೂಲಿ ಹೇಳಿಯೇ ಹತ್ತುತ್ತಾಳೆ. ಕೆಲವರು ಕರೆಯುವುದು ಬಿಟ್ಟರು, ಹೆಣ್ಣಾಗಿ ರೊಕ್ಕದ ಆಸೆ ಭಾಳ ಅಂದರು. ಉಳಿದವರು ಕೊಡುತ್ತಾರೆ, ಮನೆ ನಡೆಯುತ್ತದೆ. ಅಂದಾನಪ್ಪನವರ ಮನೆಯ ನಾನೂರೈವತ್ತು ಮಾತ್ರ ಹಾಗೇ ಇದೆ. ಕೂಸು ಈಗ ಅಂಬೆಗಾಲಿಡುತ್ತದೆ.

ಅಂದಾನಪ್ಪನವರಿಗೆ ಬೈದು ಪುಟ ಮುಚ್ಚುವುದು ಸುಲಭ. ಮುಚ್ಚುವ ಮೊದಲು ನಿಮ್ಮ ಮನೆಯ ಬಾಗಿಲಿಗೆ ಬನ್ನಿ. ನಿಮ್ಮ ಬಾಣಂತಿಗೆ ಎರೆದವಳು, ಮದುವೆಗೆ ರೊಟ್ಟಿ ಬಡಿದವಳು, ಶ್ಯಾವಿಗೆ ಹೊಸೆದವಳು ಚಾ ಕುಡಿದು, ಖಣ ಉಡಿಯಲ್ಲಿಟ್ಟುಕೊಂಡು, "ನಮ್ಮ ಮನಿ ಮಗಳಿದ್ದಂಗ" ಅನ್ನಿಸಿಕೊಂಡು ಇದೇ ಬಾಗಿಲು ದಾಟಿ ಹೋಗಿದ್ದಾಳೆ. ಅವಳ ಮನೆ ಎಲ್ಲಿದೆ ಅಂತ ನಿಮಗೆ ಗೊತ್ತು. ಇವತ್ತು ಹೋಗಿ. "ಎಷ್ಟಾತವ್ವಾ?" ಎಂದು ಕೇಳಿ. ಅವಳು ಹೇಳಿದಷ್ಟನ್ನು, ಒಂದು ರೂಪಾಯಿ ಚೌಕಾಸಿ ಮಾಡದೆ, ಎಣಿಸಿ ಅವಳ ಕೈಯಲ್ಲಿಡಿ.