ಪಕ್ಷಮಾಸಕ್ಕೆ ಮುಂಚೆ

ಪಕ್ಷಮಾಸ ಬಂತೆಂದರೆ ನಮ್ಮ ಜಯನಗರದ ಮನೆಯಲ್ಲಿ ಒಂದು ಮಗು ಉಸಿರಾಡುತ್ತದೆ. ಕಷ್ಟಪಟ್ಟು, ನಿಂತು ನಿಂತು. ಫ್ಯಾನಿನ ಸದ್ದು ಕಣೇ ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ. ಎದ್ದು ಫ್ಯಾನ್ ಆರಿಸಿದರೂ ಕೇಳುತ್ತದೆ.

ಅದು ನನ್ನ ಚೊಚ್ಚಲ ಬಸಿರು. ಡಾಕ್ಟರು ಕೊಟ್ಟ ತಾರೀಖು ಪಿತೃಪಕ್ಷದ ಮಧ್ಯಕ್ಕೇ ಬಿದ್ದಿತ್ತು. ಸತ್ತವರಿಗೆ ಎಡೆ ಇಡುವ ಆ ಹದಿನೈದು ದಿನ ನಮ್ಮವರು ಒಂದು ಮಿಕ್ಸಿಯನ್ನೂ ಕೊಳ್ಳುವುದಿಲ್ಲ, ಇನ್ನು ಮಗು ಹುಟ್ಟಲು ಬಿಡುತ್ತಾರೆಯೇ! ಅತ್ತೆ ಶ್ರೀನಗರದ ಜೋಯಿಸರ ಹತ್ತಿರ ಓಡಿದರು. ಪಕ್ಷ ಶುರುವಾಗುವ ಮುಂಚಿನ ಒಂದು ಬೆಳಿಗ್ಗೆ, ಒಳ್ಳೆಯ ಲಗ್ನ ನೋಡಿ, ಗೊತ್ತುಮಾಡಿಕೊಂಡು ಬಂದರು.

"ದಿನ ತುಂಬಲಿ ಅತ್ತೆ. ನೋವು ಅದಾಗೇ ಬರುತ್ತಲ್ಲ," ಎಂದೆ.

"ಈಗಿನ ಕಾಲ್ದಲ್ಲಿ ನೋವು ಯಾರಮ್ಮ ತಿಂತಾರೆ? ಈ ಬೀದೀಲಿ ಎಲ್ರಿಗೂ ಸಿಸೇರಿಯನ್ನೇ ಆಗಿರೋದು. ಆರಾಮಾಗಿದಾರೆ."

ಗಂಡ ಮೊಬೈಲಿನಿಂದ ತಲೆ ಎತ್ತದೆ, "ಅಮ್ಮ ಹೇಳ್ತಿರೋದು ಸರಿಯಾಗೇ ಇದೆ," ಎಂದರು. ಡಾಕ್ಟರಮ್ಮನೂ, "ತೂಕ ಚೆನ್ನಾಗಿದೆ, ಮಾಡ್ಬಿಡೋಣ. ನನಗೂ ಪ್ಲಾನ್ ಮಾಡ್ಕೊಳ್ಳೋಕೆ ಸುಲಭ," ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೊಟ್ಟೆ, ನನ್ನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಅನುಕೂಲವಾಗಿತ್ತು. ಅತ್ತೆ ಅವತ್ತೇ ಬೀರುವಿನಿಂದ ಬೆಳ್ಳಿಯ ಒಳಲೆ ತೆಗೆದು ವಿಭೂತಿ ಹಾಕಿ ತಿಕ್ಕಿದರು. ನನ್ನ ಗಂಡ ಕೂಸಾಗಿದ್ದಾಗ ಅದರಲ್ಲೇ ಹಾಲು ಕುಡಿಸಿದ್ದರಂತೆ.

ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಸಿರು ಗೌನು ತೊಟ್ಟ ಬಸುರಿಯರು ಸಾಲಾಗಿ ಕೂತಿದ್ದೆವು. ಎಲ್ಲರ ಮನೆಯವರೂ ಪಂಚಾಂಗ ನೋಡಿದ್ದರು. "ಮದ್ವೆ ಸೀಸನ್ನಲ್ಲಿ ಛತ್ರ ಸಿಗ್ದೆ ಒದ್ದಾಡ್ದಂಗೆ ಆಯ್ತಲ್ಲ ಅಕ್ಕ," ಎಂದಳು ಪಕ್ಕದಲ್ಲಿದ್ದ ಬಿಟಿಎಂ ಲೇಔಟಿನ ಹುಡುಗಿ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಮಗಳು ಒಳಗಿದ್ದುಕೊಂಡು ಕೇಳಿದ ನನ್ನ ಕೊನೆಯ ನಗು ಅದು.

ಹೇಳಿದ ಲಗ್ನಕ್ಕೆ ಸರಿಯಾಗಿ ತೆಗೆದರು. ಒಂದು ಸಣ್ಣ ಅಳು ಕೇಳಿತು, ಆಮೇಲೆ ಕೇಳಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಅವಳ ಪಕ್ಕೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ಶ್ವಾಸಕೋಶ ಇನ್ನೂ ಬಲಿತಿಲ್ಲ ಎಂದರು. ಹೊಲಿಗೆ ಹಿಡಿದುಕೊಂಡು ನಡೆದುಹೋಗಿ ನೋಡುತ್ತಿದ್ದೆ. ಹೆಸರಿಡುವ ಮುಂಚೆಯೇ ಹೋದಳು.

"ಇನ್ನೊಂದೆರಡು ವಾರ ಒಳಗಿದ್ದಿದ್ರೆ?" ಎಂದು ಕೇಳಿದೆ.

"ಹಾಗೆ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು. ಇವತ್ತಿಗೂ ಯಾರೂ ಹೇಳಿಲ್ಲ.

ದಿನ ತುಂಬಬೇಕಿದ್ದ ತಾರೀಖು ಬಂತು. ಖಾಲಿ ಹೊಟ್ಟೆ ಮಧ್ಯಾಹ್ನವೆಲ್ಲ ಹಿಂಡಿ ಹಿಂಡಿ ನೋಯಿತು. ಕೆಳಗೆ ಅಡುಗೆಮನೆಯಲ್ಲಿ ಮಾವನವರ ಶ್ರಾದ್ಧಕ್ಕೆ ವಡೆ ಕರಿಯುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ.

ಹಲ್ಲು ಬರದ ಮಗುವಿಗೆ ಶ್ರಾದ್ಧವಿಲ್ಲವಂತೆ. ಪುರೋಹಿತರು ಹಾಗೆಂದಾಗ, ಅವಳಿಗೆ ಲಗ್ನ ಮಾತ್ರ ಬೇಕಿತ್ತೇ ಎಂದು ಕೂಗಿಬಿಟ್ಟೆ. ಆಮೇಲೆ ಅತ್ತೆಗೂ ನನಗೂ ನಡುವೆ ಮಗುವಿನ ಮಾತೇ ಬರಲಿಲ್ಲ.

ಕಳೆದ ವರ್ಷ ಮಾವನವರ ತಿಥಿಯ ದಿನ, ಕಾಗೆಗೆ ಇಟ್ಟ ಪಿಂಡದಿಂದ ಸ್ವಲ್ಪ ದೂರದಲ್ಲಿ, ತಾರಸಿಯ ಗೋಡೆಯ ಮೇಲೆ ಕದ್ದು ಒಂದು ತುತ್ತು ಅನ್ನ ಇಟ್ಟೆ. ಯಾವ ಶಾಸ್ತ್ರವಾದರೂ ಹಾಳಾಗಿಹೋಗಲಿ, ನನ್ನ ಮಗು ಹಸಿದಿರಬಾರದು. ತಿರುಗಿದರೆ ಮೆಟ್ಟಿಲ ಬಳಿ ಅತ್ತೆ ನಿಂತಿದ್ದರು. ಬೈಯಲಿ, ನಾನೂ ಬಿಡುವುದಿಲ್ಲ ಎಂದುಕೊಂಡೆ. ಅವರು ತಿರುಗಿ ಇಳಿದುಹೋದರು.

ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿ ಬಂದರು. ಮಂಡಿನೋವಿಗೆ ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಕೈಯಲ್ಲಿ ಆ ಬೆಳ್ಳಿಯ ಒಳಲೆ ಇತ್ತು, ತುಂಬ ಹಾಲು. ನಾನಿಟ್ಟ ತುತ್ತನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದನ್ನು ಅಲ್ಲಿಟ್ಟರು.

"ಅದಕ್ಕೆ ಇನ್ನೂ ಅನ್ನ ತಿನ್ನೋಕೆ ಬರಲ್ಲ ಕಣಮ್ಮ," ಎಂದರು.