ನೇರಳೆ ಬೆಲ್ಟಿನ ವಾಚು

ನನ್ನ ಮೊದಲ ಸ್ಮಾರ್ಟ್‌ವಾಚು ನಾಸಿಕದ ಈಜುಕೊಳದಲ್ಲಿ ಪ್ರಾಣ ಬಿಟ್ಟಿತು. ಅದರಲ್ಲಿ ಅದರ ತಪ್ಪೇನೂ ಇರಲಿಲ್ಲ. ಡಬ್ಬಿಯ ಮೇಲೆ ಒಂದು ನೀರಿನ ಹನಿಯ ಚಿತ್ರವಿತ್ತು. ಹನಿಗೆ ಹೆದರದ ವಾಚು ಕೊಳಕ್ಕೂ ಹೆದರುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ.

ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡ ಬಿಟ್ಟು ಈ ಕಡೆ ಬಂದು ಬಹಳ ವರ್ಷಗಳಾಗಿದ್ದವು. ಐವತ್ತು ದಾಟಿದ ಮೇಲೆ ಮೊಣಕಾಲು ತಕರಾರು ತೆಗೆಯಿತು. ಡಾಕ್ಟರು ನೀರಿಗಿಳಿಯಿರಿ ಅಂದರು, ಇಳಿದೆ. ಬೆಳಗಿನ ಹೆಂಗಸರ ಬ್ಯಾಚಿನಲ್ಲಿ ನಾನೇ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ನಿಧಾನ. ಹೀಗಾಗಿ ಎಷ್ಟು ಈಜಿದೆ ಎಂದು ಹೇಳಲು ಒಂದು ಸಾಕ್ಷಿ ಬೇಕಾಗಿತ್ತು. ಸಾಕ್ಷಿ ಎರಡನೆಯ ದಿನವೇ ಗಾಜಿನ ಒಳಗೆ ಮಂಜು ಕವಿಸಿಕೊಂಡು, ಒಮ್ಮೆ ನಡುಗಿ, ಸುಮ್ಮನಾಯಿತು. ಕಲಿಸುವ ಮೇಡಮ್ ದಂಡೆಯ ಮೇಲಿಂದ ಬಗ್ಗಿ ನೋಡಿ, "ಮೊದಲು ಗಡಿಯಾರಕ್ಕೆ ಈಜು ಕಲಿಸಬೇಕಿತ್ತು" ಎಂದು ಮರಾಠಿಯಲ್ಲಿ ಹೇಳಿದರು. ಕೊಳವೆಲ್ಲ ನಕ್ಕಿತು.

ಮನೆಗೆ ಬಂದು ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಕಾಲೇಜಿಗೆ ಹೋಗುವ ಮಗಳು ತೆಗೆದು ನೋಡಿದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಮಹಾರಾಷ್ಟ್ರದಲ್ಲೇ. ಅವಳ ಕನ್ನಡ ಅರ್ಧ ದಾರಿಯಲ್ಲಿ ಬಸ್ಸು ಬದಲಿಸುತ್ತದೆ.

"ಅಮ್ಮಾ, ಸೋಡ್ ಆತಾ, ಬಿಟ್ಟುಬಿಡು. ಇದು ಪಾವಸಕ್ಕ ನಡೀತದ, ಸ್ವಿಮಿಂಗ್‌ಗ ನಾಹೀ. ಮಳಿ ಬ್ಯಾರೆ, ಪೂಲ್ ಬ್ಯಾರೆ."

ಆ ಸಂಜೆ ಈ ಸಾವಿನ ಸುದ್ದಿಯನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅಕ್ಕನ ಮನೆ ಸಂಭಾಜಿನಗರದಲ್ಲಿ. ಮೂಳೆಗಳು ಸವೆದಿವೆ, ಭಾರ ಎತ್ತಬೇಕು ಎಂದು ಅವಳ ಡಾಕ್ಟರು ಹೇಳಿದ ಮೇಲೆ ಅವಳು ಜಿಮ್ ಸೇರಿದ್ದಳು. ಮಂಗಳಸೂತ್ರವನ್ನು ಟೀ ಶರ್ಟಿನೊಳಗೆ ತೂರಿಸಿ, ಕುಂಕುಮ ಇಟ್ಟುಕೊಂಡು, ಡಂಬೆಲ್ ಎತ್ತುವ ಫೋಟೋ ಕಳಿಸುತ್ತಿದ್ದಳು. ನನ್ನ ಮಾತು ಕೇಳಿ ಅವಳು ಮರುಗಲಿಲ್ಲ.

"ಚೊಲೋ ಆತು ಬಿಡು. ನನಗೂ ಒಂದು ಬೇಕಾಗೇದ. ಶನಿವಾರ ಬಾ, ಇಬ್ಬರೂ ಒಂದೇ ನಮೂನಿ ತೊಗೊಳೋಣ. ಯಾರು ಹೆಚ್ಚು ಅಂತ ನೋಡೇ ಬಿಡೋಣ."

ಚಿಕ್ಕಂದಿನಲ್ಲಿ ಜಡೆಯ ಉದ್ದಕ್ಕೂ ಹೋಳಿಗೆಯ ಅಗಲಕ್ಕೂ ಪಂದ್ಯ ಕಟ್ಟಿದವರು ನಾವು. ಬೇಡ ಅನ್ನುವ ಮಾತೇ ಇರಲಿಲ್ಲ.

ಶನಿವಾರ ಮಗಳನ್ನು ಕರೆದುಕೊಂಡು ಹೋದೆ. ಅಕ್ಕನ ಗಂಡನನ್ನು ನಾವು ಮಾಮಾ ಅನ್ನುತ್ತೇವೆ. ಕೇಂದ್ರ ಸರಕಾರದ ಆಫೀಸಿನಿಂದ ನಿವೃತ್ತರಾದ ಮೇಲೆ ಬಾಲ್ಕನಿಯ ಜೋಕಾಲಿಯೇ ಅವರ ಆಫೀಸು. ಸಕ್ಕರೆ ಕಾಯಿಲೆ ಇತ್ತು, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಮಾಮಾ ಎಂದೂ ಇಲ್ಲ ಅಂದವರಲ್ಲ, ನಾಳೆಯಿಂದ ಎನ್ನುತ್ತಿದ್ದರು. ಅವರು ಅಂಗಡಿಗೆ ಬಂದದ್ದೂ ಕಾರು ನಡೆಸಲು ಬೇರೆ ಯಾರೂ ಇಲ್ಲವೆಂದು.

ಅಂಗಡಿಯವನು ಚುರುಕಾದ ಹುಡುಗ. ನನ್ನನ್ನು "ತಾಈ" ಎಂದೂ ಅಕ್ಕನನ್ನು "ಕಾಕೂ" ಎಂದೂ ಕರೆದ. ಒಬ್ಬಳು ಅಕ್ಕ, ಒಬ್ಬಳು ಚಿಕ್ಕಮ್ಮ! ಅಕ್ಕನ ಮುಖ ಅಲ್ಲಿಗೇ ಬಿಗಿದುಕೊಂಡಿತು. ಮುಂದೆ ಅವನು ತೋರಿಸಿದ್ದಕ್ಕೆಲ್ಲ ಅವಳು ಒಂದೊಂದು ಕುಂದು ಹುಡುಕಿದಳು.

ಅವನು ಗಾಜಿನ ಮೇಲೆ ವಾಚುಗಳನ್ನು ಸಾಲಾಗಿ ಹರಡಿ, ಇದು ನಿದ್ದೆ ಅಳೆಯುತ್ತದೆ, ಇದು ರಕ್ತದ ಆಕ್ಸಿಜನ್ ನೋಡುತ್ತದೆ, ಇದು ಮನಸ್ಸಿನ ಒತ್ತಡ ಹೇಳುತ್ತದೆ ಎಂದು ಶುರು ಮಾಡಿದ.

"ಇದರಾಗ ಟೈಮ್ ಕಾಣಸ್ತದೇನು?" ಎಂದು ಅಕ್ಕ ಕನ್ನಡದಲ್ಲಿ ಕೇಳಿದಳು. ಮಗಳು ಅನುವಾದಿಸಿದಳು. ಕೈ ಎತ್ತಿದರೆ ಕಾಣುತ್ತದೆ ಎಂದ ಹುಡುಗ. ಅಕ್ಕ ಎತ್ತಿದಳು, ಕಾಣಲಿಲ್ಲ. ಇನ್ನೂ ಮೇಲೆ ಎತ್ತಿದಳು. ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಅಂಗಡಿಯ ನಡುವೆ ಕೈ ಎತ್ತಿ ನಿಂತವಳನ್ನು ಕಂಡು, ಪಕ್ಕದ ಗಿರಾಕಿಗಳು ಏನಾಯಿತೆಂದು ತಿರುಗಿ ನೋಡಿದರು.

ಕೊನೆಗೆ ಆಯ್ಕೆ ಮಾಡಿದ್ದು ನನ್ನ ಮಗಳೇ. ಬರೀ ಮಳೆ, ಬೆವರು ತಡೆಯುವಂಥದ್ದು ಬೇಡ, ಐವತ್ತು ಮೀಟರ್ ನೀರಿನ ಒತ್ತಡ ತಡೆಯುತ್ತದೆ ಎಂದು ಬರೆದದ್ದೇ ಬೇಕು ಎಂದಳು. ಒದ್ದೆ ಬೆರಳಿಗೆ ಗಾಜು ಮಾತು ಕೇಳುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಒತ್ತುವ ಗುಂಡಿ ಇರಬೇಕು. ಕೊಳದ ಉದ್ದವನ್ನು ಮೊದಲೇ ಅದರಲ್ಲಿ ನಮೂದಿಸಲು ಬರಬೇಕು, ಆಗಲೇ ಅದು ಸುತ್ತು ಎಣಿಸುತ್ತದೆ. ಚರ್ಮದ ಬೆಲ್ಟು ನೀರಿಗೆ ಕೊಳೆಯುತ್ತದೆ, ರಬ್ಬರಿನಂಥದ್ದೇ ಸರಿ. ಅಕ್ಕನಿಗೆ ಕಣ್ಣು ಬಿದ್ದದ್ದು ಸುತ್ತಲೂ ಹರಳು ಕೂರಿಸಿದ, ರೊಟ್ಟಿಯಷ್ಟು ದೊಡ್ಡ ಬಂಗಾರ ಬಣ್ಣದ ವಾಚಿನ ಮೇಲೆ. ಮಣಿಕಟ್ಟು ಬಾಗಿಸಿದರೆ ಅದು ಚುಚ್ಚುತ್ತದೆ ಎಂದು ಮಗಳು ಹೇಳಿದಳು. ಅಕ್ಕ ನಂಬಲಿಲ್ಲ. ವಾಚು ಕಟ್ಟಿಕೊಂಡು, ಅಂಗಡಿಯ ಸ್ಟೂಲನ್ನೇ ಡಂಬೆಲ್ ಮಾಡಿಕೊಂಡು, ತಲೆಯ ಮೇಲೆ ಎತ್ತಿ ಇಳಿಸಿದಳು.

"ಚುಚ್ತದ" ಎಂದು ಒಪ್ಪಿಕೊಂಡಳು. ಹುಡುಗನ ದನಿ ಅಲ್ಲಿಂದ ಮುಂದೆ ಬಹಳ ಮೆತ್ತಗಾಯಿತು.

ಮಾಮಾ ಆವರೆಗೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. "ಇಷ್ಟೆಲ್ಲಾ ತಿಳಿಯೋ ಗಡಿಯಾರಕ್ಕ, ನನ್ನ ಬಿಪಿ ಯಾರ ಸಲುವಾಗಿ ಏರ್ತದ ಅಂತ ತಿಳೀತದೇನು?" ಎಂದು ಕೇಳಿದರು. ಅಕ್ಕ ಇನ್ನೂ ಸ್ಟೂಲು ಕೆಳಗಿಟ್ಟಿರಲಿಲ್ಲ. ಮಾಮಾ ಮತ್ತೆ ಫೋನು ನೋಡತೊಡಗಿದರು.

ಒಂದೇ ಮಾದರಿಯ ಎರಡು ವಾಚು ಕೊಂಡೆವು. ನನ್ನದಕ್ಕೆ ಕಪ್ಪು ಬೆಲ್ಟು. ಹರಳು ತಪ್ಪಿದ ದುಃಖಕ್ಕೆ ಅಕ್ಕ ಕಣ್ಣು ಕುಕ್ಕುವ ನೇರಳೆ ಬೆಲ್ಟು ಆರಿಸಿಕೊಂಡಳು.

ಮರುದಿನ ಪರೀಕ್ಷೆಗೆಂದು, ಹತ್ತಿರದಲ್ಲೇ ಹಳೆಯ ಗುಹೆಗಳೂ ದೇವಸ್ಥಾನವೂ ಇರುವ ವೇರೂಳಿಗೆ ಹೋದೆವು. ದೇವಸ್ಥಾನದ ಸಾಲಿನಲ್ಲಿ ನಿಂತಾಗ, ಅಂದಿನ ಗುರಿ ಮುಟ್ಟಿತೆಂದು ಅಕ್ಕನ ವಾಚು ಗುರ್ ಎಂದು ನಡುಗಿತು. ಯಾರೋ ಕೈ ಹಿಡಿದರೆಂದು ಅವಳು ಹಿಂದಿನವರನ್ನು ಸುಡುವ ಹಾಗೆ ನೋಡಿದಳು. ಹಿಂದೆ ಇದ್ದದ್ದು ನಾನು. ಗುಹೆಗಳನ್ನು ನಾವು ಮೂವರೂ ಹತ್ತಿಳಿದೆವು. ಮಾಮಾ ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ಕೂತು, ಸಕ್ಕರೆ ಕಾಯಿಲೆಯವರು ಕುಡಿಯಬಾರದ್ದನ್ನು ಕುಡಿದು, ನಾವು ಬರುವಷ್ಟರಲ್ಲಿ ಬಾಯಿ ಒರೆಸಿಕೊಂಡಿದ್ದರು.

"ನಡಿಗಿ ಎಣಿಸಿದ್ರ ನಡಿಗಿ ಹೆಚ್ಚಾಗ್ತದೇನು? ಸುಮ್ಮನ ರೊಕ್ಕ ದಂಡ" ಎಂದರು.

ಪಂದ್ಯದ ಮೊದಲ ವಾರವೇ ಜಗಳ ಬಂತು. ನೀರಿನಲ್ಲಿ ಹೆಜ್ಜೆ ಬೀಳುವುದಿಲ್ಲ. ನಾನು ಏದುಸಿರು ಬಿಟ್ಟು ಈಜಿ ಬಂದರೂ ನನ್ನ ಹೆಜ್ಜೆಗಳ ಲೆಕ್ಕ ಮಲಗಿಯೇ ಇರುತ್ತಿತ್ತು. ಅಕ್ಕ ತರಕಾರಿ ತರಲು ಹೋಗಿ ನನ್ನನ್ನು ದಾಟಿಬಿಡುತ್ತಿದ್ದಳು. ನಾನು ಪ್ರತಿಭಟಿಸಿದೆ. ಹಾಗಾದರೆ ಚಪಾತಿ ಲಟ್ಟಿಸುವುದನ್ನೂ ವ್ಯಾಯಾಮ ಅನ್ನಬೇಕು ಎಂದಳು ಅವಳು. ಮಗಳು ನಡುವೆ ಬಂದು, ಇಬ್ಬರ ಫೋನಿನಲ್ಲೂ ಏನೇನೋ ಒತ್ತಿಸಿ, ಹೆಜ್ಜೆ ಬಿಟ್ಟು ವ್ಯಾಯಾಮದ ಒಟ್ಟು ಹೊತ್ತನ್ನೇ ಹಿಡಿಯುವುದು ಎಂದು ತೀರ್ಪು ಕೊಟ್ಟಳು. ಈಜು, ಜಿಮ್, ನಡಿಗೆ ಎಲ್ಲ ಒಂದೇ ತಕ್ಕಡಿ. ಒಬ್ಬರ ಲೆಕ್ಕ ಇನ್ನೊಬ್ಬರ ಫೋನಿನಲ್ಲಿ ಕಾಣುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ನಾನು ನೋಡುತ್ತಿದ್ದದ್ದು ಅಕ್ಕನ ಲೆಕ್ಕವನ್ನೇ. ಅವಳೂ ಅಷ್ಟೇ.

ಹೀಗಿರುವಾಗ ಅಕ್ಕನಿಗೆ ಜ್ವರ ಬಂತು. ಅಯ್ಯೋ ಪಾಪ ಅನ್ನಿಸಿತು. ಇನ್ನು ಈ ವಾರ ನನ್ನದೇ ಎಂದೂ ಅನ್ನಿಸಿತು. ಉಳಿದವರಿಗಿಂತ ಮೊದಲೇ ನೀರಿಗಿಳಿದೆ. ಆದರೆ ಮನೆಗೆ ಬಂದು ನೋಡಿದರೆ ಅಕ್ಕನ ಲೆಕ್ಕ ಏರಿತ್ತು. ಮರುದಿನ ಮತ್ತೂ ಏರಿತು. ಮೂರನೆಯ ದಿನ ಅವಳು ನನ್ನನ್ನು ದಾಟಿದಳು. ನನಗೆ ಗಾಬರಿಯಾಯಿತು, ಈ ಹಟಮಾರಿ ಅಕ್ಕ ಜ್ವರದಲ್ಲೂ ಜಿಮ್‌ಗೆ ಹೋಗುತ್ತಿದ್ದಾಳೆಂದು ಫೋನ್ ಮಾಡಿದೆ.

"ಅಕ್ಕಾ, ನಿನಗೇನು ಬುದ್ಧಿ ಅದನೋ ಇಲ್ಲೋ? ಮಲ್ಕೋಬಾರದಾ?"

"ಮಲಕೊಂಡೇನಲ್ಲ" ಎಂದಳು. ದನಿ ಮೂಗಿನಿಂದ ಬರುತ್ತಿತ್ತು. "ಅಡಗಿಮನೀ ಕಡೆ ಸುದ್ದಾ ಹೋಗಿಲ್ಲ. ನಿಮ್ಮ ಮಾಮಾನೇ ಉಪ್ಪಿಟ್ಟು ಮಾಡ್ಲಿಕ್ಕತ್ತಾರ. ಅದಕ್ಕ ಜ್ವರ ಇಳಿವಲ್ದು."

"ವಾಚು ಎಲ್ಲೆ ಅದ?"

"ಚಾರ್ಜಿಗೆ ಹಾಕೇನಿ. ಪಡಸಾಲ್ಯಾಗ. ಯಾಕ?"

"ಏನಿಲ್ಲ" ಎಂದು ಫೋನು ಇಟ್ಟೆ. ಚಾರ್ಜಿಗೆ ಹಾಕಿದ ವಾಚು ವಾಕಿಂಗ್ ಹೋಗುತ್ತಿದೆ! ಆ ಮನೆಯಲ್ಲಿ ಜ್ವರದವಳನ್ನು ಬಿಟ್ಟರೆ ಇದ್ದವರು ಒಬ್ಬರೇ. ಅವರು ಹೀಗೆ ಮಾಡುವ ಸಂಭವಕ್ಕಿಂತ ವಾಚಿಗೇ ಕಾಲು ಬಂದಿರುವ ಸಂಭವ ಹೆಚ್ಚು ಅನ್ನಿಸಿತು. ಆದರೂ ಮಾಮಾನ ಫೋನಿಗೆ ಕರೆ ಮಾಡಿ ನೇರವಾಗಿಯೇ ಕೇಳಿದೆ.

"ಮಾಮಾ, ನೀವು ಅಕ್ಕನ ವಾಚು ಕಟ್ಟಿಕೊಂಡು ವಾಕಿಂಗ್ ಹೊಂಟೀರೇನ್ರಿ?"

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಬಂತು. ಆಮೇಲೆ ಪಿಸುದನಿ.

"ನೋಡವಾ, ಜ್ವರದಾಗ ಬಡಬಡಸ್ಲಿಕ್ಕತ್ತಿದ್ದಳು, ತಂಗಿ ಗೆದ್ದಳು, ತಂಗಿ ಗೆದ್ದಳು ಅಂತ. ನೋಡ್ಲಿಕ್ಕೆ ಆಗ್ಲಿಲ್ಲ. ಒಂದಿನ ಹೋಗಿ ಬರೋಣಂತ ಹೋದೆ."

"ಒಂದಿನ ಅಲ್ಲಲ್ರೀ ಮತ್ತ?"

"ಎರಡನೇ ದಿನಾನೂ ಆಕೀ ಸಲುವಾಗೇ ಹೋದೆ" ಎಂದರು. "ಇವತ್ತ ಮಾತ್ರ... ಪಾರ್ಕಿನಾಗ ಗಾಳಿ ಭಾಳ ಛಂದ ಬಿಟ್ಟಿತ್ತು. ಇನ್ನೊಂದು ಸುತ್ತು ಹಾಕೋಣ ಅನಸ್ತು. ನಿಮ್ಮಕ್ಕಗ ಹೇಳಬ್ಯಾಡ."

ಮೋಸ ಹೋದ ಸಿಟ್ಟಿನಲ್ಲೇ ಫೋನ್ ಮಾಡಿದ್ದೆ. ವರ್ಷಾನುಗಟ್ಟಲೆ ಡಾಕ್ಟರು, ಹೆಂಡತಿ, ನಾನು, ಎಲ್ಲರೂ ನಡೆಯಿರೆಂದು ಹೇಳಿ ಸೋತಿದ್ದೆವು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ವಾರ ಸೋತೆ. ಸೋತದ್ದಕ್ಕೆ ಅಕ್ಕನಿಂದ ಮೂಗು ಸೊರಗುಟ್ಟುವ ಒಂದು ಉಪದೇಶವನ್ನೂ ಕೇಳಿಸಿಕೊಂಡೆ: "ನೋಡು, ಮಲಕೊಂಡೇ ಗೆದ್ದೆ. ದೇಹಕ್ಕ ಸ್ಮರಣೆ ಇರ್ತದಂತ!"

ಆದರೆ ಅಕ್ಕ ಜ್ವರ ಬಿಟ್ಟ ಮೇಲೆ ತನ್ನ ಫೋನನ್ನು ನೆಟ್ಟಗೆ ನೋಡಿದಳು. ಬೆಳಗಿನ ನಡಿಗೆ ಎಂದು ಅಲ್ಲಿ ದಿನಾ ಒಂದು ಪಟ್ಟಿ ಇತ್ತು. ಅವಳು ಯಾರನ್ನೂ ಕೇಳಲಿಲ್ಲ. ಮರುದಿನ ವಾಚನ್ನು ಪಡಸಾಲೆಯಲ್ಲೇ ಬಿಟ್ಟು, ಮುಸುಕು ಹಾಕಿಕೊಂಡು ನಿದ್ದೆಯ ನಾಟಕ ಹೂಡಿದಳು. ಬಾಗಿಲ ಸದ್ದಾದ ಮೇಲೆ ಎದ್ದು, ನೈಟಿಯ ಮೇಲೆ ಶಾಲು ಹೊದ್ದು ಹಿಂದೆಯೇ ಹೋದಳು. ಮುಂದಿನದನ್ನು ಅವಳೇ ಫೋನಿನಲ್ಲಿ ಹೇಳಿದಳು. ನಗುವಿಗೆ ಸಿಕ್ಕಿ ಮಾತು ತುಂಡು ತುಂಡಾಗಿತ್ತು.

"ಪಾರ್ಕಿನಾಗ ನೋಡ್ತೀನಿ, ಇವರು ಆ ನೇರಳೆ ಬೆಲ್ಟು ಕಟ್ಟಿಕೊಂಡು ಹೊಂಟಾರ! ಎಡಗೈ ಹಿಂಗ ಬೀಸ್ಲಿಕ್ಕತ್ತಾರ, ಒಂದು ಹೆಜ್ಜಿನೂ ಲೆಕ್ಕ ತಪ್ಪಬಾರದಂತ. ಬಲಗೈ ಮಾತ್ರ ಕಿಸೇದಾಗ!"

"ನೀ ಏನಂದಿ?"

"ಸ್ವಲ್ಪ ಹೊತ್ತು ಮರದ ಹಿಂದ ನಿಂತು ನೋಡಿದೆ" ಎಂದಳು. ನಗು ನಿಂತಿತ್ತು. "ಹಿಂಗ ಅವರು ನಡದದ್ದು ನೋಡೇ ಎಷ್ಟು ವರ್ಷ ಆಗಿತ್ತು. ಸೀದಾ ಹೋಗಿ ಬಾಜೂಕ ನಡೀಲಿಕ್ಕೆ ಶುರು ಮಾಡಿದೆ. ಅವರು ಗಾಬರಿಯಾಗಿ ವಾಚು ಬಿಚ್ಚಲಿಕ್ಕೆ ಹೋದರು. ಇರ್ಲಿ ಬಿಡ್ರಿ, ನಿಮ್ಮ ಕೈಗೇ ಒಪ್ತದ ಅಂದೆ."

ಪಂದ್ಯದ ಆ ವಾರವನ್ನು ಮಗಳು ರದ್ದು ಮಾಡಿದಳು. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ನಾಸಿಕಕ್ಕೆ ಬಂದಾಗ ಮಾಮಾನೇ ಅಂಗಡಿಗೆ ಹೋಗೋಣ ಎಂದರು. ಆಕ್ಸಿಜನ್ನು, ನಿದ್ದೆ, ಒತ್ತಡ ಎಂದು ಅಲ್ಲಿಯವರು ಶುರು ಮಾಡುವ ಮೊದಲೇ ಕೈ ಅಡ್ಡ ಹಿಡಿದು, ತಮ್ಮ ಆಫೀಸಿನ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಹೆಂಡತಿಯ ಲೆಕ್ಕ ಇದರಲ್ಲಿ ಕಾಣುತ್ತದೆಯೇ? ಕಾಣುತ್ತದೆ ಎಂದರು ಅಂಗಡಿಯವರು. ಹಾಗಾದರೆ ಕೊಡಿ ಎಂದು ಕಟ್ಟಿಸಿಕೊಂಡೇ ಹೊರಬಂದರು.

ಈಗ ಮೂವರ ಪಂದ್ಯ. ಹೆಚ್ಚಿನ ವಾರ ಮೂರನೆಯವಳು ನಾನೇ. ಕಳೆದ ವಾರ ಈಜು ಮುಗಿಸಿ, ಟವೆಲ್ ಹೊದ್ದು ಕೊಳದ ದಂಡೆಯ ಮೇಲೆ ಕೂತು ಫೋನ್ ಮಾಡಿದೆ. ಆ ಕಡೆ ಚಪ್ಪಲಿಯ ಸದ್ದು, ಏದುಸಿರು, ಹಕ್ಕಿಗಳ ಗಲಾಟೆ.

"ಮಾಮಾ, ಆರಾಮ ಇದ್ದೀರೇನ್ರಿ? ಅಕ್ಕ ಎಲ್ಲೆ?"

"ಆಕಿ ಮುಂದ ಹೋಗಿಬಿಟ್ಟಾಳವಾ" ಎಂದು ಮಾಮಾ ಏದುಸಿರಿನಲ್ಲೇ ಹೇಳಿದರು. "ಆಮ್ಯಾಲ ಮಾತಾಡ್ತೀನಿ, ಫೋನ್ ಇಡು, ಇಡು."